ಬಿಂದಿಗೆ ಮಗುಚಿದವಳು

ಎಪ್ಪತ್ತೆಂಟರ ಬೇಸಿಗೆ. ಕುಂದಲಹಳ್ಳಿಯಲ್ಲಿ ನಾನು ಬಾಣಂತಿ. ಎದೆಹಾಲು ಸಾಲದೆ, ಹಿತ್ತಲ ಬಾವಿಯ ನೀರಿನಲ್ಲಿ ಪುಡಿಹಾಲು ಕಲಸಿ ಮಗುವಿಗೆ ಕುಡಿಸುತ್ತಿದ್ದೆ. ಬಾವಿಗಿಂತ ಎತ್ತರದ ಜಾಗದಲ್ಲೇ ಪಕ್ಕದ ಹಾಲಿನ ಡೈರಿಯವರು ಸಗಣಿ, ಗಂಜಲ ನಿಲ್ಲಿಸುವ ಹೊಂಡ ತೋಡಿದ್ದರು.

"ನೀರು ವಾಸ್ನೆ ಬರ್ತೈತೆ ಅತ್ತೆ," ಅಂದೆ.

"ಹಸುವಿನ ಗಂಜ್ಲ ಕಣಮ್ಮ. ಮೈಲಿಗೆ ಕಳಿಯೋಕೆ ಚಿಮುಕ್ಸೋದೇ ಅದನ್ನ. ಕಾಯ್ಸಿ ಕುಡಿಸು," ಅಂದರು ಅತ್ತೆ ಸೊಣ್ಣಮ್ಮ.

ಕಾಯಿಸಿಯೇ ಕುಡಿಸಿದೆ. ಮಗುವಿನ ತುಟಿ ದಿನೇ ದಿನೇ ನೇರಳೆ ಬಣ್ಣಕ್ಕೆ ತಿರುಗಿತು.

ಒಂದು ಮಟಮಟ ಮಧ್ಯಾಹ್ನ ನೀರು ಸೇದಿ ತಿರುಗಿದರೆ, ಒದ್ದೆ ಸೀರೆಯ ಮುದುಕಿಯೊಬ್ಬಳು ನಿಂತಿದ್ದಳು. ಆ ಬಿಸಿಲಲ್ಲೂ ಅವಳ ಮೈಯಿಂದ ಬಾವಿಯೊಳಗಿನ ತಂಪು ಬೀಸುತ್ತಿತ್ತು. ಬಿಂದಿಗೆ ಕಿತ್ತುಕೊಂಡು ನೆಲಕ್ಕೆ ಮಗುಚಿದಳು.

"ನನ್ ನೀರು ಕೆಟ್ಟೋಗೈತೆ ಕಣವ್ವ. ಕೂಸಿಗೆ ಬ್ಯಾಡ."

ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದೆ. "ಆ ನೀರೇ ವಿಷ. ಹೊಂಡದ ಗಂಜಲದಿಂದ ನೈಟ್ರೇಟ್ ಇಳಿದಿದೆ. ಕಾಯಿಸಿದ್ರೆ ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ," ಅಂದರು ಡಾಕ್ಟರು. ಮಗ ಉಳಿದ.

ಬಾವಿಗೆ ಮಣ್ಣು ತುಂಬಿ ಮುಚ್ಚಿಸಿದೆವು. ಆದರೂ ಮಗನ ಹುಟ್ಟುಹಬ್ಬದ ಮಧ್ಯಾಹ್ನ ಆ ಜಾಗದಲ್ಲಿ ಅರಿಶಿನ ಕುಂಕುಮ, ಒಂದು ರವಿಕೆ ಕಣ ಇಟ್ಟು ಕೈಮುಗಿದು ಬರುತ್ತೇನೆ. ಸಂಜೆಗೆ ಕಣ ತೊಯ್ದಿರುತ್ತದೆ. ಹಿಂಡಿದರೆ ನೀರು ಸುರಿಯುತ್ತದೆ. ಡೈರಿಯವರು ಜಾಗ ಖಾಲಿ ಮಾಡಿ ಹೋದ ಮೇಲೆ ಆ ನೀರಿಗೆ ಗಂಜಲದ ವಾಸನೆಯಿಲ್ಲ.