ಮಲ್ಲಾಜಿಯ ಹತ್ತು ಬೆರಳು

ಬಹಳ ಹಿಂದೆ, ಏಳು ಕೆರೆಗಳಾಚೆ ಮಿಂಚೂರು ಎಂಬ ರಾಜ್ಯವಿತ್ತು. ಅಲ್ಲಿ ಓಲೆ ಒಯ್ಯಲು ಕುದುರೆ ಬೇಕಿರಲಿಲ್ಲ. ಕೀಲಿಮಣೆಯಲ್ಲಿ ಅಕ್ಷರ ಒತ್ತಿದರೆ ಸಾಕು, ದೂರದೇಶದ ಮಾಯಾಗನ್ನಡಿಯಲ್ಲಿ ಮೂಡುತ್ತಿತ್ತು. ಅರಮನೆಯ ಓಲೆಗಳನ್ನು ಒತ್ತುವವಳು ಮಲ್ಲಾಜಿ. ಮನಸ್ಸು ಬಂಗಾರ, ಕೈ ಮಾತ್ರ ಬಲು ನಿಧಾನ. ಕೋಳಿ ಕಾಳು ಹೆಕ್ಕಿದ ಹಾಗೆ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದಳು, ಪಾಪ.

ಒಂದು ದಿನ ಧೂಮಕೇತನೆಂಬ ಮಾಂತ್ರಿಕ ಕನ್ನಡಿಯೊಳಗಿಂದಲೇ ಮಂತ್ರ ಊದಿ ಅವಳ ಗಂಡ ಚನ್ನಿಗನನ್ನು ಕರಡಿ ಮಾಡಿಬಿಟ್ಟ.

"ಈ ಕನ್ನಡಿಯ ಆಟದಲ್ಲಿ ನನ್ನನ್ನು ಗೆದ್ದವರಿಲ್ಲ. ಮೂರು ಸಂಜೆ, ಮೂರು ಆಟ. ಒಂದನ್ನಾದರೂ ಗೆದ್ದರೆ ಗಂಡ ನಿನಗೆ. ಸೋತಂತೆಲ್ಲ ಅವನು ಒಂದೊಂದನ್ನೇ ಮರೆಯುತ್ತಾನೆ. ಮೂರೂ ಸೋತರೆ ಮಾತೇ ಮರೆತು ಕಾಡು ಸೇರುತ್ತಾನೆ!" ಎಂದ.

ಮೊದಲ ಸಂಜೆ ಕನ್ನಡಿಯಲ್ಲಿ ಅಕ್ಷರಗಳ ಆಲಿಕಲ್ಲು ಸುರಿಯಿತು. ನೆಲ ಮುಟ್ಟುವ ಮೊದಲೇ ಒತ್ತಬೇಕು. ಮಲ್ಲಾಜಿ ಕೀಲಿ ನೋಡಿದರೆ ಅಕ್ಷರ ಬೀಳುತ್ತಿತ್ತು, ಅಕ್ಷರ ನೋಡಿದರೆ ಕೀಲಿ ತಪ್ಪುತ್ತಿತ್ತು. ಸೋತಳು. ಚನ್ನಿಗ ತನ್ನ ಊರನ್ನೇ ಮರೆತ.

ಮರುದಿನ ಕರಡಿ ಅವಳ ಕೈಗಳ ಮೇಲೆ ಪಂಚೆ ಹೊದಿಸಿತು. "ಕೈ ನೋಡಬ್ಯಾಡ ಕಣೇ. ರೊಟ್ಟಿ ತಟ್ಟೋವಾಗ ಬೆರಳು ಎಣಿಸ್ತೀಯಾ? ನೋಡು, ಎರಡು ಕೀಲಿ ಮೇಲೆ ಸಣ್ಣ ಉಬ್ಬು ಅವೆ. ತೋರುಬೆರಳು ಅಲ್ಲಿಡು. ಮಿಕ್ಕಿದ್ದೋರು ಅಕ್ಕಪಕ್ಕ ಕೂತ್ಕೋತಾರೆ."

"ಕರಡಿ ಆದ್ಮೇಲಾದ್ರೂ ಬುದ್ಧಿ ಬಂತಲ್ಲ ನಿಮಗೆ!" ಎಂದು ನಕ್ಕಳು ಮಲ್ಲಾಜಿ. ದಿನವಿಡೀ ಒತ್ತಿದಳು, ಹತ್ತೂ ಬೆರಳಲ್ಲಿ.

ಎರಡನೆಯ ಸಂಜೆ ಬಾವಲಿಗಳ ಬೆನ್ನೇರಿ ಪದಗಳು ಹಾರಿಬಂದವು. ಮಲ್ಲಾಜಿ ಕೈ ನೋಡಲಿಲ್ಲ. ಆದರೂ ಒಂದೇ ಒಂದು ಪದದಿಂದ ಸೋತಳು.

ಚನ್ನಿಗ ಅವಳನ್ನೇ ದಿಟ್ಟಿಸಿದ. "ಯಾರವ್ವಾ ನೀವು?"

ಮಲ್ಲಾಜಿಯ ಎದೆ ಒಡೆಯಿತು. ಬಿಕ್ಕಿ ಬಿಕ್ಕಿ ಅತ್ತಳು.

"ಯಾರಾದ್ರೂ ಇರ್ಲಿ, ಅಳಬ್ಯಾಡಿ ತಾಯಿ," ಎಂದಿತು ಕರಡಿ. "ಕೈ ಒದ್ದೆ ಆದ್ರೆ ಬೆರಳು ಜಾರ್ತವೆ." ಹೆಸರು ಮರೆತರೂ ಅಕ್ಕರೆ ಮರೆತಿರಲಿಲ್ಲ ಪುಣ್ಯಾತ್ಮ.

ಮೂರನೆಯ ಸಂಜೆ ಇಬ್ಬರಿಗೂ ಅವೇ ನೂರು ಸಾಲು, ಮೊದಲು ಮುಗಿಸಿದವರು ಗೆದ್ದಂತೆ. ಒಂದು ಸಾಲು ಸರಿಯಾಗದೆ ಮುಂದಿನದು ಕಾಣದು. ಧೂಮಕೇತ ಗಾಳಿಯಂತೆ ಓಡಿದ. ಮಲ್ಲಾಜಿ ತಪ್ಪಿದಳು, ಅಳಿಸಿದಳು, ಮತ್ತೆ ಒತ್ತಿದಳು. ನೂರನೆಯ ಸಾಲಿಗೆ ಅವನೇ ಮೊದಲು ತಲುಪಿದ. ಅಲ್ಲಿ ಹೀಗಿತ್ತು: "ತಪ್ಪಾಯಿತು, ಮನ್ನಿಸಿ."

ಧೂಮಕೇತನ ಕೈ ನಿಂತಿತು. ಹುಟ್ಟಿದಾರಭ್ಯ ಆ ಮಾತನ್ನು ಅವನು ಆಡಿರಲಿಲ್ಲ, ಬರೆದಿರಲೂ ಇಲ್ಲ. ಬೆರಳುಗಳಿಗೆ ದಾರಿಯೇ ಗೊತ್ತಿರಲಿಲ್ಲ. ತಡಕಾಡಿದ, ತಪ್ಪಿದ, ಬೆವರಿದ.

ಅಷ್ಟರಲ್ಲಿ ಮಲ್ಲಾಜಿಯೂ ಆ ಸಾಲಿಗೆ ಬಂದಳು. ಹನ್ನೆರಡು ವರ್ಷ, ತಡವಾದ ಒಂದೊಂದು ಓಲೆಯ ಕೊನೆಗೂ ಅವಳು ಒತ್ತಿದ್ದು ಅದೇ ಸಾಲು! ಬೆರಳುಗಳು ಅವಳನ್ನು ಕೇಳಲೂ ಇಲ್ಲ, ಓಡಿಯೇಬಿಟ್ಟವು.

ಕರಡಿಯ ರೋಮವೆಲ್ಲ ಉದುರಿತು. "ಮಲ್ಲಾಜೀ!" ಎಂದು ಕೂಗಿ ಚನ್ನಿಗ ಅವಳ ಹತ್ತೂ ಬೆರಳುಗಳನ್ನು ಕಣ್ಣಿಗೊತ್ತಿಕೊಂಡ.

ಧೂಮಕೇತ ಮಾತ್ರ ಆ ಸಾಲು ಮುಗಿಸಲಾಗದೆ ಕನ್ನಡಿಯಲ್ಲೇ ಸಿಕ್ಕಿಕೊಂಡಿದ್ದ. ಏಳನೆಯ ದಿನ ಅದನ್ನು ಒತ್ತಿ ಮುಗಿಸಿದ. ಮುಗಿಸಿದ್ದೇ ತಡ, ಹಿಂದೆ ಅವನು ಮೃಗ ಮಾಡಿದ್ದವರೆಲ್ಲ ಮನುಷ್ಯರಾಗಿ ಮನೆ ಸೇರಿದರು, ಅವನ ಮಂತ್ರವೂ ಆರಿಹೋಯಿತು. ಎಲ್ಲರೂ ಸುಖವಾಗಿ ಬಾಳಿದರು. ಧೂಮಕೇತ ಮನೆಮನೆಗೆ ಹೋಗಿ ಅದೇ ಮಾತನ್ನು ಬಾಯಲ್ಲೂ ರೂಢಿ ಮಾಡಿಕೊಂಡನಂತೆ.