ಎಲುಬಿಗೆ ಕೇಳಿದ ಸಣ್ಣ ದನಿ

ಸೋಮಲಿಂಗ ಆಳು ಆರಡಿ, ದನಿ ಮಾತ್ರ ಹೆಣ್ಣುಮಗುವಿನದು. ಇಳಕಲ್ಲಿನ ಜನ ಅವನ ಬಾಯಿ ತೆರೆಸಲೆಂದೇ ಏನಾದರೂ ಕೇಳಿ, ಆಮೇಲೆ ಮುಸಿಮುಸಿ ನಗುತ್ತಿದ್ದರು. ನಗದವಳು ಮಹಾನಂದಾ ಒಬ್ಬಳೇ. ಹತ್ತೊಂಬತ್ತರ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ಒಯ್ದಿತ್ತು.

ಬಣ್ಣ ಹಾಕಿದ ನೂಲು ಕೊಡಲು ಅವನು ಹೋದರೆ ಅವಳು ಮಗ್ಗ ನಿಲ್ಲಿಸಿ ಅವನ ತುಟಿಯನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಹೇಳಬೇಕಾದದ್ದು ಮರೆತು, ನೂಲಿನ ಸುದ್ದಿಯನ್ನೇ ಎರಡೆರಡು ಸಲ ಹೇಳಿ ಬರುತ್ತಿದ್ದ. ಹೀಗೇ ಎರಡು ವರ್ಷ.

ಬರುವ ಸೋಮವಾರ ಅವಳನ್ನು ನೋಡಲು ಹುನಗುಂದದಿಂದ ಗಂಡಿನವರು ಬರುವವರಿದ್ದರು. ಅದಕ್ಕೆ ಎರಡು ದಿನ ಮೊದಲು ಶಾಲೆಯಲ್ಲಿ ಕಿವಿ ಪರೀಕ್ಷೆಯ ಕ್ಯಾಂಪ್. ಡಾಕ್ಟರ್ ಪ್ರಿಯದರ್ಶಿನಿ ಪ್ರಯೋಗಕ್ಕೆಂದು ಒಂದು ಯಂತ್ರ ತಂದಿದ್ದರು. ಕಿವಿಗೆ ಎಟುಕದ ಅಲ್ಟ್ರಾಸೌಂಡಿನ ಮೇಲೆ ಮಾತನ್ನು ಕೂರಿಸಿ, ಕಿವಿಯ ಹಿಂದಿನ ಎಲುಬಿನೊಳಗಿಂದ ಅದು ಕಳಿಸುತ್ತದಂತೆ. ಪೂರಾ ಕಿವುಡರಲ್ಲೂ ಕೆಲವರಿಗೆ ತಿಳಿಯುತ್ತದಂತೆ. ಅದನ್ನು ಮಹಾನಂದಾಳ ಕಿವಿಯ ಹಿಂದೆ ಇಟ್ಟು, ಡಾಕ್ಟರೂ ಅವಳ ಅವ್ವ ನೀಲಾಬಾಯಿಯೂ ಮೈಕಿನಲ್ಲಿ ಮಾತಾಡಿ ಆಯಿತು. ಇನ್ನೊಬ್ಬರು ಬೇಕೆಂದಾಗ ಮಹಾನಂದಾ ಬಾಗಿಲಲ್ಲಿದ್ದ ಸೋಮಲಿಂಗನತ್ತ ಬೆರಳು ತೋರಿಸಿದಳು.

ಇನ್ನು ಇವಳೂ ನಗುವವಳೇ ಅಂದುಕೊಂಡ ಸೋಮಲಿಂಗ. ತುಟಿ ಕಾಣದಂತೆ ಅವಳ ಬೆನ್ನ ಹಿಂದೆ ನಿಂತು, ಡಾಕ್ಟರು ಕೊಟ್ಟ ಪದಗಳ ಚೀಟಿ ನೋಡಿ, "ನೀರು" ಅಂದ.

ಮಹಾನಂದಾ ನಕ್ಕುಬಿಟ್ಟಳು.

ಅವನು ಚೀಟಿಯನ್ನು ಮೇಜಿನ ಮೇಲಿಟ್ಟು ಬಾಗಿಲಿಗೆ ನಡೆದ. ಅವಳು ತಿರುಗಿ ನೋಡಿ, ಹೆಸರು ಹಿಡಿದು ನಿಲ್ಲಿಸಿದಳು.

"ಕೇಳಿಸ್ತಲ್ಲಾ ಅಂತ ನಕ್ಕೇನ್ರಿ. ಇದರಾಗ ಡಾಕ್ಟರ ದನಿನೂ ಜೀರುಂಡಿ, ಅವ್ವನ ದನಿನೂ ಜೀರುಂಡಿ, ನಿಮ್ಮದೂ ಹಂಗ. ನಿಮ್ಮ ದನಿ ಹೆಂಗೈತಿ ಅಂತ ಊರ ಮಂದಿ ಎಂದೋ ಹೇಳ್ಯಾರ. ನಿಮ್ಮ ಮನಸಿನ್ಯಾಗ ಏನೈತಿ ಅನ್ನೂದು ಅವರಿಗೇನ ಗೊತ್ತು? ಅದನ್ನ ನೀವ ಹೇಳಬೇಕು."

ಹೇಳಿ, ಮತ್ತೆ ಬೆನ್ನು ತಿರುಗಿಸಿ ಕುಳಿತಳು. ನೀಲಾಬಾಯಿ ತನ್ನ ಸೆರಗಿನ ಅಂಚನ್ನು ಪರೀಕ್ಷಿಸತೊಡಗಿದಳು.

ಸೋಮಲಿಂಗ ಮೈಕಿಗೆ ಬಾಗಿದ. "ನನ್ನ ಮದಿವಿ ಆಗ್ತೀರೇನು?"

'ನನ್ನ' ಅನ್ನುವುದಷ್ಟೇ ತಿಳಿಯಿತು, ಇನ್ನೊಮ್ಮೆ ಹೇಳಿ ಅಂದಳು. ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದ. ಹೊರಗೆ ಸಾಲಿನಲ್ಲಿದ್ದವರು ಕಿಟಕಿಗೆ ಬಂದರು. ಅವಳು ಮತ್ತೊಮ್ಮೆ ಕೇಳಿದಳು. ಮೂರನೆಯ ಸಲ ಹೇಳುತ್ತ ಬಗ್ಗಿ ಅವಳ ಮುಖ ನೋಡಿದ. ಅವಳು ನಗು ತಡೆದುಕೊಂಡಿದ್ದಳು; ಎರಡನೆಯ ಸಲಕ್ಕೇ ಅವಳಿಗೆ ಎಲ್ಲ ತಿಳಿದಿತ್ತು.

ತನ್ನ ದನಿ ಎಷ್ಟು ಜೋರೆಂದು ಮಹಾನಂದಾಳಿಗೆ ಗೊತ್ತಾಗುವುದಿಲ್ಲ. ಅವಳು "ಆಗ್ತೇನ್ರಿ" ಅಂದದ್ದು ಬಸ್‌ಸ್ಟ್ಯಾಂಡಿನ ತನಕ ಕೇಳಿಸಿತು.