ಹದಿನೇಳನೆಯ ಸಾಲು

"ಇದು ಕಲ್ಲಂಗಡಿ ರಿಪೋರ್ಟು!"

ತುಂಬಿದ ಸಭೆಯಲ್ಲಿ ಆ ಹೊಸ ಮನುಷ್ಯ ಹೀಗೆಂದಾಗ ಶಲಾಕಾ ಬೋಂದ್ರೆಯ ಕಿವಿ ಬಿಸಿಯಾಯಿತು. ಪರದೆಯ ಮೇಲಿದ್ದದ್ದು ಅವಳದೇ ರಿಪೋರ್ಟು. ಮೇಲಿನಿಂದ ಕೆಳಗಿನವರೆಗೂ ಹಸಿರು ಬಣ್ಣ. ಅಂದರೆ ಎಲ್ಲ ಕೆಲಸವೂ ಸರಿಯಾಗಿ ನಡೆಯುತ್ತಿದೆ ಎಂದರ್ಥ.

"ಹಾಗಂದ್ರೆ?"

"ಮೇಲೆ ಹಸಿರು, ಕೊಯ್ದರೆ ಒಳಗೆಲ್ಲ ಕೆಂಪು. ಉಗ್ರಾಣದ ಹಳೆ ಮಾಹಿತಿ ಅರ್ಧ ಕೂಡ ಹೊಸ ಸಾಫ್ಟ್‌ವೇರಿಗೆ ಬಂದಿಲ್ಲ ಮೇಡಂ."

"ಬಂದು ಮೂರು ದಿನ ಆಗಿಲ್ಲ, ಆಗ್ಲೇ ನಮ್ಮ ಹಣ್ಣು ಕೊಯ್ಯೋಕೆ ಕೂತ್ರಾ?"

ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗೆ ಕಂಡು ಅವಳಿಗೆ ಇನ್ನಷ್ಟು ಉರಿಯಿತು!

ಚಿಂಚವಡದ ಆ ಪಂಪು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ಎಂಟು ವರ್ಷದ ಅನುಭವ. ಹಳೆಯ ಸಾಫ್ಟ್‌ವೇರನ್ನು ಕಿತ್ತುಹಾಕಿ ಹೊಸದನ್ನು ತರುವ ಪ್ರಾಜೆಕ್ಟ್ ನಡೆಸಲು ಹೊರಗಿನಿಂದ ಬಂದವನು ಮಂದಾರ ಸಬನೀಸ್. ಅವನು ಹೇಳಿದ್ದು ನಿಜವೆಂದು ಅವಳಿಗೆ ಗೊತ್ತಿತ್ತು. ಅದೇ ನೋವು.

ಮರುದಿನ ಅವನ ಮೇಜಿನ ಮುಂದೆ ನಿಂತಳು. "ರಿಪೋರ್ಟು ಕೆಂಪು ಮಾಡಿದ್ದೀನಿ. ಸಮಾಧಾನ ಆಯ್ತಾ?"

"ಇಲ್ಲ. ಮಿಸಳ್ ತಿಂದ್ರೆ ಆಗುತ್ತೆ. ಬರ್ತೀರಾ?"

ಹೋದಳು. ಆಮೇಲೆ ವಾರಕ್ಕೊಮ್ಮೆ, ಆಮೇಲೆ ದಿನಾ. 'ನೀವು' ಹೋಗಿ 'ನೀನು' ಬಂತು. ಪ್ರೀತಿ ಅಂತ ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ.

ಮಂದಾರನಿಗೆ ಒಂದು ಚಟವಿತ್ತು. ಪ್ರಾಜೆಕ್ಟಿಗೆ ಎದುರಾಗಬಹುದಾದ ಪ್ರತಿಯೊಂದು ಅಪಾಯವನ್ನೂ ಪಟ್ಟಿಯಲ್ಲಿ ಬರೆಯುವುದು. ಅಪಾಯ ಯಾವುದು, ಕಾರಣ ಏನು, ಬರುವ ಸಂಭವ ಎಷ್ಟು, ಪರಿಹಾರ ಏನು, ಹೊಣೆ ಯಾರದು... ಎಲ್ಲದಕ್ಕೂ ಒಂದೊಂದು ಮನೆ. ಆ ಪಟ್ಟಿಯನ್ನು ಕಾರ್ಖಾನೆಯಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಿತ್ತು.

"ಬಾಯಲ್ಲಿ ಹೇಳೋಕೆ ಬರಲ್ವಾ ನಿಂಗೆ?" ಎಂದು ಅವಳು ಕಾಡುತ್ತಿದ್ದಳು.

"ಹೇಳಿದ್ದು ಗಾಳಿಗೆ ಹೋಗುತ್ತೆ ಶಲಾಕಾ. ಬರೆದದ್ದು ಉಳಿಯುತ್ತೆ."

ಅಯ್ಯೋ, ಆ ಮಾತೇ ಮುಂದೆ ಇಬ್ಬರಿಗೂ ಮುಳುವಾಯಿತು!

ಹೊಸ ಸಾಫ್ಟ್‌ವೇರು ಗುಡಿ ಪಾಡ್ವಾದ, ಅಂದರೆ ಯುಗಾದಿಯ, ಮುಹೂರ್ತಕ್ಕೇ ಶುರುವಾಗಬೇಕೆಂದು ಡೈರೆಕ್ಟರ್ ಕರಂಬೇಳ್ಕರ್ ಸಾಹೇಬರ ಹಟ. ತಯಾರಿ ಮುಗಿಯಲಿ ಬಿಡಲಿ, ತೆಂಗಿನಕಾಯಿ ಅವತ್ತೇ ಒಡೆಯಬೇಕು.

ಪಾಡ್ವಾಕ್ಕೆ ತಿಂಗಳಿರುವಾಗ ಊರು ಸಾತಾರದಿಂದ ಶಲಾಕಾಳ ತಾಯಿ, ಆಯಿ, ಫೋನು ಮಾಡಿದಳು. ತಂದೆ ಬಾಬಾರಿಗೆ ಹೃದಯದ ತೊಂದರೆ. ಆಪರೇಷನ್ ಆಗಬೇಕು, ಹಬ್ಬ ಕಳೆದ ಮೇಲಾದರೂ ನಡೆದೀತು ಎಂದಿದ್ದರು ಡಾಕ್ಟರು.

ಚಹಾ ಅಂಗಡಿಯಲ್ಲಿ ಮಂದಾರನ ಮುಂದೆ ಅತ್ತಳು. "ಆಫೀಸಲ್ಲಿ ಯಾರಿಗೂ ಹೇಳ್ಬೇಡ. ಸಾಹೇಬ್ರಿಗೆ ಗೊತ್ತಾದ್ರೆ, ಹೆಂಗಸರಿಗೆ ದೊಡ್ಡ ಕೆಲಸ ಕೊಟ್ರೆ ಹೀಗೇ ಅಂತಾರೆ. ಆಣೆ ಮಾಡು."

"ಆಣೆ. ಆದ್ರೆ ನೀನು ಊರಿಗೆ..."

"ಪಾಡ್ವಾ ಮುಗೀಲಿ. ಬಾಬಾನೇ ಹೇಳಿದ್ದಾರೆ, ಕೆಲಸ ಮುಗಿಸಿ ಬಾ ಅಂತ."

ವಾರ ಕಳೆದಿತ್ತು. ಯಾವುದೋ ಕೆಲಸಕ್ಕೆ ಆ ಪಟ್ಟಿ ತೆರೆದಳು ಶಲಾಕಾ. ಹದಿನೇಳನೆಯ ಸಾಲು ಹೊಸದಾಗಿ ಸೇರಿತ್ತು.

'ಅಪಾಯ: ಶಲಾಕಾ ಬೋಂದ್ರೆ. ಸಂಭವ: ಹೆಚ್ಚು. ಪರಿಹಾರ: ಬದಲಿ ವ್ಯಕ್ತಿಯನ್ನು ಸಿದ್ಧಪಡಿಸುವುದು. ಹೊಣೆ: ಮಂದಾರ ಸಬನೀಸ್.'

ಕಾರಣದ ಮನೆ ಖಾಲಿ.

ಅವಳು ಮೂರು ಸಲ ಓದಿದಳು. ನಾನು ಅಪಾಯ? ನನ್ನನ್ನು ಕಿತ್ತು ಬೇರೆಯವರನ್ನು ಕೂರಿಸಬೇಕೇ? ನಂಬಿ ಹೇಳಿಕೊಂಡು ಅತ್ತದ್ದಕ್ಕೆ ಇದಾ ಬಹುಮಾನ...!

ನೇರವಾಗಿ ಉಗ್ರಾಣಕ್ಕೆ ಹೋದಳು. ಅಲ್ಲಿ ಮಂದಾರ ಒಬ್ಬನೇ ಇರಲಿಲ್ಲ. ಉಗ್ರಾಣದ ಘಾಡ್ಗೆ ಕಾಕಾ ಕಂಪ್ಯೂಟರಿನ ಮುಂದೆ ಕುಳಿತಿದ್ದರು, ಮಂದಾರ ಅವರಿಗೆ ಅವಳ ಕೆಲಸವನ್ನೇ ಕಲಿಸುತ್ತಿದ್ದ. ಸುತ್ತ ಹತ್ತು ಜನ.

"ಓಹೋ! ಬದಲಿ ವ್ಯಕ್ತಿ ಇವರೇನಾ? ಎಂಟು ವರ್ಷ ದುಡಿದಿದ್ದೀನಿ ಕಾಕಾ, ನನ್ನ ಕುರ್ಚಿ ಮೇಲೆ ಕಣ್ಣು ಬಿತ್ತಾ ನಿಮಗೂ?"

ಕಾಕಾರ ಮುಖ ಕಪ್ಪಿಟ್ಟಿತು. ಎದ್ದು ಹೋದರು.

"ಶಲಾಕಾ, ನೀನು ಸಾತಾರಕ್ಕೆ ಹೋಗು. ದಯವಿಟ್ಟು," ಎಂದ ಮಂದಾರ, ಮೆಲ್ಲಗೆ.

"ಹೋಗ್ಲಾ? ನಾನು ಹೋದ್ರೆ ನಿಮ್ಮ ಪಟ್ಟಿ ಹಸಿರಾಗುತ್ತಲ್ವಾ? ಯಾಕೆ ಹೋಗ್ಬೇಕು, ಇವರೆಲ್ಲರ ಮುಂದೆ ಕಾರಣ ಹೇಳಿ ನೋಡೋಣ!"

ಮಂದಾರ ಬಾಯಿ ತೆರೆದ. ಸುತ್ತ ನಿಂತವರನ್ನು ನೋಡಿದ. ಮುಚ್ಚಿದ.

ಆಣೆಯಂತೆ ಆಣೆ! ಅಂಥ ಹೊತ್ತಲ್ಲೂ ಮಾತಾಡದ ಬಾಯಿ ಇದ್ದರೇನು, ಬಿಟ್ಟರೇನು? ಸಂಜೆ ಅವಳ ಮನೆ ಬಾಗಿಲು ತಟ್ಟಬಹುದಿತ್ತು. ಅದೂ ಮಾಡಲಿಲ್ಲ. ಫೋನು ಮಾಡಿದ, ಅವಳು ಎತ್ತಲಿಲ್ಲ, ಸುಮ್ಮನಾದ.

ಮತ್ತೆ 'ನೀವು' ಬಂತು. 'ಸರ್', 'ಮೇಡಂ' ಬಂತು. ಶಲಾಕಾ ರಜೆ ತೆಗೆದುಕೊಳ್ಳಲಿಲ್ಲ, ಯಾರಿಗೂ ಕೆಲಸ ಕಲಿಸಲಿಲ್ಲ. ನಾನು ಅಪಾಯವಲ್ಲ ಎಂದು ತೋರಿಸಲೇಬೇಕಿತ್ತು.

ಪಾಡ್ವಾದ ಬೆಳಿಗ್ಗೆ ಸಾಹೇಬರು ತೆಂಗಿನಕಾಯಿ ಒಡೆದರು. ಹೊಸ ಸಾಫ್ಟ್‌ವೇರು ಒಂದು ತಪ್ಪೂ ಇಲ್ಲದೆ ಶುರುವಾಯಿತು. ಎಲ್ಲರೂ ಶಲಾಕಾಳಿಗೆ ಚಪ್ಪಾಳೆ ತಟ್ಟಿದರು. ಶ್ರೀಖಂಡದ ಬಟ್ಟಲು ಕೈಗೆ ಬಂದಾಗ ಫೋನು ತೆಗೆದು ನೋಡಿದಳು. ಆಯಿಯಿಂದ ಹದಿನಾಲ್ಕು ಕರೆ.

ಬಾಬಾ ಬೆಳಿಗ್ಗೆ ಒಂಬತ್ತಕ್ಕೇ ಹೋಗಿಬಿಟ್ಟಿದ್ದರು...

* * *

ಒಂದು ವರ್ಷ ಹೋಯಿತು. ಮಂದಾರ ನಾಸಿಕದ ಇನ್ನೊಂದು ಕೆಲಸಕ್ಕೆ ಹೋಗಿದ್ದ, ತಿಂಗಳಿಗೊಮ್ಮೆ ಪರಿಶೀಲನೆಗೆ ಮಾತ್ರ ಬರುತ್ತಿದ್ದ. ಈಗ ಪ್ರಾಜೆಕ್ಟನ್ನು ಅಧಿಕೃತವಾಗಿ ಮುಗಿಸುವ ಸಭೆ. ಪಾಡ್ವಾಕ್ಕೆ ಇನ್ನು ನಾಲ್ಕೇ ದಿನ. ಆ ಹಬ್ಬದ ಹೆಸರು ಕೇಳಿದರೇ ಅವಳಿಗೆ ಬಾಯಿ ಕಹಿಯಾಗುತ್ತಿತ್ತು.

ಕಳೆದ ವರ್ಷವೇ ನಿವೃತ್ತರಾಗಿದ್ದ ಘಾಡ್ಗೆ ಕಾಕಾರನ್ನೂ ಸನ್ಮಾನಕ್ಕೆ ಕರೆಸಿದ್ದರು. ಶಲಾಕಾ ಅವರ ಪಕ್ಕ ಕುಳಿತಳು.

"ಕಾಕಾ, ಅವತ್ತು ಎಲ್ಲರ ಮುಂದೆ ಅಂದುಬಿಟ್ಟೆ. ಕ್ಷಮಿಸಿ."

"ಬಿಡು ಮಗಳೇ. ಬೇಜಾರಾಗಿದ್ದು ಬೈಗುಳಕ್ಕಲ್ಲ. ಹತ್ತೇ ದಿನದ ಮಟ್ಟಿಗೆ ಕಲೀರಿ ಕಾಕಾ, ಹುಡುಗಿ ಊರಿಗೆ ಹೋಗಿ ನಿಶ್ಚಿಂತೆಯಿಂದ ಇದ್ದು ಬರ್ಲಿ ಅಂತ ಕೈ ಮುಗಿದಿದ್ದ ಆ ಸಬನೀಸ್. ಯಾಕೆ ಅಂತ ಕೇಳಿದ್ರೆ, ಅದು ಅವಳ ಗುಟ್ಟು, ನಾನು ಹೇಳೋ ಹಾಗಿಲ್ಲ ಅಂದ. ನಿಮ್ಮಪ್ಪ ಹೋದ ಸುದ್ದಿ ಬಂದಾಗ ತಿಳೀತು ನೋಡು. ನಿನಗೆ ಗೊತ್ತಿತ್ತಲ್ಲಾ ಇದೆಲ್ಲಾ?"

ಕಾರಣದ ಮನೆ ಯಾಕೆ ಖಾಲಿ ಇತ್ತು ಎಂದು ಶಲಾಕಾಳಿಗೆ ಈಗ ಅರ್ಥವಾಯಿತು. ಆಣೆ ಹಾಕಿಸಿಕೊಂಡವಳು ಅವಳೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಾರಿಗೆ ಬೇಕು ಈಗ ಈ ಬುದ್ಧಿ?

ಸಭೆ ಮುಗಿದು ಎಲ್ಲರೂ ಊಟಕ್ಕೆ ಎದ್ದರು. ಮಂದಾರ ಮಾತ್ರ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ. ಅವಳು ಎದುರು ಹೋಗಿ ನಿಂತಳು.

"ಯಾಕೆ ಹೇಳ್ಲಿಲ್ಲ?"

ಅವನಿಗೆ ಯಾವುದರ ಬಗ್ಗೆ ಎಂದು ಕೇಳಬೇಕಾಗಲಿಲ್ಲ.

"ಆಣೆ ಮಾಡಿದ್ದೆ..."

"ನನಗೇ ಹೇಳೋಕೆ ಯಾವ ಆಣೆ ಅಡ್ಡ ಬಂತು? ಮನೆಗೆ ಬಂದು ಜುಟ್ಟು ಹಿಡಿದು ಸಾತಾರದ ಬಸ್ಸಿಗೆ ಹತ್ತಿಸಬೇಕಿತ್ತು! ಬಾಬಾ ಕೊನೇಲಿ ನನ್ನ ಹೆಸರು ಕರೆದ್ರಂತೆ, ಮಂದಾರ. ನಾನು ಇಲ್ಲಿ ಚಪ್ಪಾಳೆ ತಗೊಳ್ತಾ ಇದ್ದೆ."

"ಹೌದು. ಬರಬೇಕಿತ್ತು. ಬರೆದ್ರೆ ಸಾಕು ಅಂದ್ಕೊಂಡೆ." ಅವನು ಕೀಲಿಮಣೆಯಿಂದ ಕೈ ತೆಗೆದ. "ತಪ್ಪು ನಂದು."

"ನಂದೂ ಇದೆ. ಸುಮ್ನೆ ಎಲ್ಲಾ ನೀನೇ ಹೊರಬೇಡ. ಆಗ ನನಗೆ ಬೈಯೋಕೂ ಯಾರೂ ಉಳಿಯಲ್ಲ."

ಒಂದು ವರ್ಷದ ಮೇಲೆ 'ನೀನು' ಎಂದದ್ದು ಇಬ್ಬರಿಗೂ ಗೊತ್ತಾಯಿತು.

ಅವಳು ಪರದೆಯತ್ತ ನೋಡಿದಳು. ಪಟ್ಟಿಯಲ್ಲಿ ಎಲ್ಲ ಸಾಲುಗಳ ಮುಂದೆಯೂ 'ಮುಗಿದಿದೆ' ಎಂದಿತ್ತು. ಹದಿನೇಳನೆಯದರ ಮುಂದೆ ಮಾತ್ರ ಇರಲಿಲ್ಲ.

"ಇದು?"

"ಹನ್ನೆರಡು ತಿಂಗಳಿಂದ ಮುಚ್ಚೋಕೆ ಕೈ ಬರ್ತಿಲ್ಲ. ಇದು ಮುಚ್ಚದೆ ಪ್ರಾಜೆಕ್ಟ್ ಮುಗಿಯಲ್ಲ, ಸಾಹೇಬ್ರು ಬೈತಿದ್ದಾರೆ. ಮುಚ್ಚಿದ್ರೆ ಮತ್ತೆ ಇಲ್ಲಿಗೆ ಬರೋಕೆ ನನಗೆ ಕಾರಣಾನೇ ಇರಲ್ಲ." ತಲೆ ತಗ್ಗಿಸಿದ. "ನಾನು ನಿನ್ನ ಪ್ರೀತಿಸ್ತೀನಿ ಶಲಾಕಾ. ಇದನ್ನ ಮಾತ್ರ ಎಲ್ಲೂ ಬರೆದಿರಲಿಲ್ಲ."

ಅವಳ ಕಣ್ಣು ತುಂಬಿತು. ಸಂತೋಷಕ್ಕೆ ಎಂದು ಹೇಳಿದರೆ ಸುಳ್ಳಾದೀತು. ಬಾಬಾ ಇದ್ದಾಗ ಕೇಳಬೇಕಿದ್ದ ಮಾತು ಇದು.

ಅವಳೇ ಕೈ ಚಾಚಿ ಆ ಸಾಲಿನ ಮುಂದೆ 'ಮುಗಿದಿದೆ' ಎಂದು ಒತ್ತಿದಳು. ಮಂದಾರನ ಮುಖ ಬಿಳಚಿಕೊಂಡಿತು.

"ಪಾಡ್ವಾಕ್ಕೆ ಸಾತಾರಕ್ಕೆ ಹೋಗ್ತಿದ್ದೀನಿ," ಎಂದಳು. "ಬಾಬಾರ ವರ್ಷದ ತಿಥಿ. ಆಯಿ ಒಬ್ಬಳೇ ಇದ್ದಾಳೆ. ನೀನೂ ಬಾ."

"ಆಯಿಗೆ ಏನಂತ ಹೇಳ್ಲಿ?"

"ನಿಜ ಹೇಳು. ಬೈತಾಳೆ, ಬೈಸ್ಕೋ. ನಾನೂ ಪಕ್ಕದಲ್ಲೇ ಕೂತು ಬೈಸ್ಕೋತೀನಿ."

ಅವನು ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದ. "ಎಷ್ಟು ಗಂಟೆಗೆ ಬಸ್ಸು?"

ಶಲಾಕಾ ಆ ಕೈಯನ್ನು ಹಿಡಿದುಕೊಂಡಳು.

"ಬರ್ಕೋಬೇಡ, ಮಂದಾರ. ಬರ್ತೀನಿ ಅಂತ ಬಾಯಿಬಿಟ್ಟು ಹೇಳು."

"ಬರ್ತೀನಿ..."